ಜ್ವರಕ್ಕೆ ಕೂತ ಮೀನು

ಮಹಡಿಯ ಮೇಲೆ ಬಾಡಿಗೆಗಿದ್ದ ಗಂಡ ಹೆಂಡತಿಗೆ ವರ್ಗವಾಯಿತು. ಹೋಗುವಾಗ ಒಂದು ತುಳಸಿ ಕುಂಡವನ್ನೂ ಒಂದು ಮೀನಿನ ತೊಟ್ಟಿಯನ್ನೂ ನಮಗೆ ಬಿಟ್ಟುಹೋದರು. ತುಳಸಿಗೆ ಹೇಗೋ ಜಾಗ ಸಿಕ್ಕಿತು. ತೊಟ್ಟಿಯನ್ನು ಕಂಡು ನಾನು ಹಣೆ ಚಚ್ಚಿಕೊಂಡೆ. ನಮ್ಮದು ವಿಭೂತಿ ಹಚ್ಚುವ ಮನೆ. ಬುಟ್ಟಿ ಹೊತ್ತು ಮೀನು ಮಾರುವವನು ಬೀದಿಯುದ್ದಕ್ಕೂ ಕೂಗಿಕೊಂಡು ಬಂದು, ನಮ್ಮ ಗೇಟು ದಾಟುವ ತನಕ ಬಾಯಿ ಮುಚ್ಚಿಕೊಂಡು, ಪಕ್ಕದ ಮನೆಯಿಂದ ಮತ್ತೆ ಶುರು ಮಾಡುತ್ತಾನೆ. ಅಂಥ ಮನೆಯ ಹಜಾರದಲ್ಲಿ, ಟಿವಿಯ ಪಕ್ಕ, ಕೆಂಪು ಮೀನುಗಳು ಬಾಲ ಬೀಸಿಕೊಂಡು ಓಡಾಡುವುದೆಂದರೆ!

ಬೇಡ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನಮ್ಮ ಅತ್ತೆ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ, ಒಳಗಿನ ಜೀವಗಳನ್ನು ನೋಡುತ್ತಿದ್ದರು.

“ಇವುನ್ನ ನಾನು ನೋಡ್ಕತೀನಿ ಕಣವ್ವ” ಎಂದರು.

ನಮ್ಮ ರಾಮನಗರದ ಮನೆಗೆ ಬಂದ ಮೇಲೆ ಅತ್ತೆ ಇಂಥದ್ದು ಬೇಕು ಎಂದು ಕೇಳಿದ್ದು ಅದೇ ಮೊದಲು. ಊಟಕ್ಕೆ ಕರೆದರೆ ಬಂದರು, ಮಲಗಿ ಎಂದರೆ ಮಲಗಿದರು. ಅಂಥವರು ಬಾಯಿಬಿಟ್ಟು ಕೇಳಿದಾಗ ನಾನು ನನ್ನ ಬಾಯಿ ಮುಚ್ಚಿಕೊಂಡೆ.

ಅತ್ತೆ ಮರಳವಾಡಿ ಕಡೆಯ ಹಳ್ಳಿಯವರು. ಮದುವೆಯಾಗಿ ಬಂದ ವರ್ಷದಿಂದ ಮೊನ್ನೆ ಮೊನ್ನೆಯ ತನಕ ರೇಷ್ಮೆ ಹುಳ ಸಾಕಿದವರು. ಆ ಸುತ್ತಿನಲ್ಲಿ ಅವರ ಕೈಗುಣ ಹೆಸರಾಗಿತ್ತು. ಮೊಟ್ಟೆಯೊಡೆದು ಬಂದ, ಇರುವೆಗಿಂತ ಸಣ್ಣ ಹುಳಗಳಿಗೆ ಮೊದಲ ಸೊಪ್ಪು ಹಾಕುವುದನ್ನು ಚಾಕಿ ಕಟ್ಟುವುದು ಎನ್ನುತ್ತಾರೆ. ಯಾರ ಮನೆಯಲ್ಲಿ ಚಾಕಿ ಕಟ್ಟಿದರೂ ಮೊದಲ ಹಿಡಿ ಸೊಪ್ಪನ್ನು ಅತ್ತೆಯೇ ಹಾಕಬೇಕು. ಹಿಂದಿನ ಸಂಜೆಯೇ ಬಂದು ಅರಿಶಿನ ಕುಂಕುಮ ಕೊಟ್ಟು ಕರೆಯುತ್ತಿದ್ದರು. ಆಯಮ್ಮನ ಕೈ ಬಿದ್ರೆ ಗೂಡು ಕಲ್ಲಿದ್ದಂಗೆ ಬತ್ತದೆ ಎನ್ನುವುದು ಊರಿನ ಮಾತು. ಅತ್ತೆ ಅದನ್ನು ತಾವಾಗಿ ಎಂದೂ ಹೇಳಿಕೊಂಡವರಲ್ಲ. ಆದರೆ ಬೇರೆಯವರು ಹೇಳುವಾಗ ಅಲ್ಲಿಂದ ಎದ್ದು ಹೋದವರೂ ಅಲ್ಲ.

ಮಾವ ತೀರಿಕೊಂಡ ಮೇಲೆ ಆ ಕರೆ ನಿಂತಿತು. ಎದುರಿಗೆ ಯಾರೂ ಏನೂ ಅನ್ನಲಿಲ್ಲ. ಕರೆಯಲಿಲ್ಲ, ಅಷ್ಟೆ. ತೋಟವನ್ನು ಮೈದುನ ನೋಡಿಕೊಂಡ, ಅತ್ತೆ ನಮ್ಮ ಮನೆಗೆ ಬಂದರು.

ಬಂದ ಹೊಸದರಲ್ಲಿ ಕೂಟಗಲ್ಲಿನಲ್ಲಿ ಅವರ ತಂಗಿಯ ಮಗಳು ಹೊಸ ಹುಳದ ಮನೆ ಕಟ್ಟಿಸಿದಳು. ಅತ್ತೆಯ ಮಡಿಲಲ್ಲೇ ಆಡಿ ಬೆಳೆದ ಹುಡುಗಿ. ಮೊದಲ ಚಾಕಿಗೆ ನಮ್ಮನ್ನೂ ಕರೆದಳು, ಅತ್ತೆಯೂ ನಾನೂ ಹೋದೆವು. ಅತ್ತೆ ಅಭ್ಯಾಸಬಲದಿಂದ ಕೈಕಾಲು ತೊಳೆದುಕೊಂಡು, ಸೆರಗು ಸಿಕ್ಕಿಸಿಕೊಂಡು, ಸಣ್ಣಗೆ ಹೆಚ್ಚಿದ ಸೊಪ್ಪಿನ ತಟ್ಟೆ ಎತ್ತಿಕೊಂಡರು. ಹುಡುಗಿ ನಗುನಗುತ್ತಲೇ ಬಂದು ತಟ್ಟೆ ಈಸಿಕೊಂಡಳು.

“ನೀನು ಕುಂತ್ಕ ದೊಡ್ಡವ್ವ, ಬಿಸ್ಲಲ್ಲಿ ಬಂದಿದ್ದೀಯ. ಒಸಿ ಮಜ್ಜಿಗೆ ಕುಡಿ” ಎಂದಳು.

ತಟ್ಟೆ ಇನ್ನೊಬ್ಬ ಹೆಂಗಸಿನ ಕೈಗೆ ಹೋಯಿತು. ಅತ್ತೆ ಮಜ್ಜಿಗೆ ಕುಡಿದರು. ನನಗೆ ಮೈಯೆಲ್ಲ ಉರಿಯಿತು. ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು. ಮಜ್ಜಿಗೆ ಕೊಟ್ಟವರನ್ನು ಏನೆಂದು ಬಯ್ಯುವುದು? ವಾಪಸ್ಸು ಬರುವಾಗ ಬಸ್ಸಿನಲ್ಲಿ ಅತ್ತೆ ಅಂಗೈಗಳನ್ನು ಮಡಿಲಲ್ಲಿ ಮಲಗಿಸಿಕೊಂಡು ನೋಡುತ್ತಿದ್ದರು.

“ಅವುಳ್ದೇನ್ ತಪ್ಪು ಬುಡು. ಕೈ ಕೆಟ್ಟೋಗಿದ್ರೆ ಅವುರ ಬೆಳೆ ಯಾಕೆ ಕೆಡುಸ್ಬೇಕು?”

ಕೈ ಕೆಡುವುದು ಅಂದರೇನು, ಹಾಲು ಕೆಟ್ಟ ಹಾಗಾ ಎಂದು ನಾನು ಸಿಡುಕಿದೆ.

ಆದ್ದರಿಂದ, ತೊಟ್ಟಿ ಬಂದ ದಿನ ಅತ್ತೆ ಮೀನುಗಳನ್ನು ನೋಡುತ್ತ “ಇವು ಬದುಕಿದ್ರೆ ಗೊತ್ತಾಯ್ತದೆ” ಎಂದಾಗ, ಏನು ಗೊತ್ತಾಗುವುದು ಎಂದು ನಾನು ಕೇಳಬೇಕಿರಲಿಲ್ಲ. ಮಾವ ಹೋದ ಮೇಲೆ ಅವರ ಕೈಗೆ ಬಂದ ಮೊದಲ ಜೀವಗಳು ಅವು.

ಮಹಡಿಯವರು ತೊಟ್ಟಿಯನ್ನು ಎಷ್ಟು ಗಲೀಜಾಗಿ ಇಟ್ಟುಕೊಂಡಿದ್ದರೆಂದರೆ, ಮೂಲೆಯಲ್ಲಿ ನೀರು ಶುಚಿ ಮಾಡುವ ಯಂತ್ರದೊಳಗಿನ ಸ್ಪಂಜು ಎಮ್ಮೆ ಸಗಣಿಯ ಬಣ್ಣಕ್ಕೆ ತಿರುಗಿತ್ತು. ಹಿಂಡಿದರೆ ಕಂದು ರಾಡಿ. ತಳದ ಕಲ್ಲುಗಳ ಮೇಲೆ ಲೋಳೆ. ಅತ್ತೆ ಮೂಗು ಮುಚ್ಚಿಕೊಂಡರು. ಹುಳದ ಮನೆಯಲ್ಲಿ ಬಾಳಿದವರಿಗೆ ಕೊಳೆ ಎಂದರೆ ಸಾವು. ಒಂದು ಬೆಳೆ ಮುಗಿದರೆ ತಟ್ಟೆ, ಬಲೆ, ಗೋಡೆ, ನೆಲ ಎಲ್ಲವನ್ನೂ ಬ್ಲೀಚಿಂಗ್ ಪೌಡರಿನಲ್ಲಿ ತೊಳೆಯಬೇಕು. ಚಪ್ಪಲಿ ಹೊರಗೆ ಬಿಡಬೇಕು. ಸ್ನಾನ ಮಾಡದೆ ಒಳಗೆ ಕಾಲಿಡಬಾರದು. ಒಂದು ಹುಳಕ್ಕೆ ರೋಗ ಬಿದ್ದರೆ ಎರಡು ದಿನಕ್ಕೆ ಮನೆ ಪೂರ್ತಿ ನಾರುತ್ತದೆ.

ಮೊದಲ ದಿನವೇ ಅತ್ತೆ ಮೀನುಗಳನ್ನು ಬಕೆಟ್ಟಿಗೆ ಬಿಟ್ಟು ಕಲ್ಲು, ಗಾಜು, ಸ್ಪಂಜು ಎಲ್ಲವನ್ನೂ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದರು. ಆಮೇಲೆ ವಾಸನೆ ಹೋಗುವ ತನಕ ಜಾಲಿಸಿದರು. ಸ್ಪಂಜು ಇಡ್ಲಿಯ ಹಾಗೆ ಬೆಳ್ಳಗಾಯಿತು. ತೊಟ್ಟಿಯಲ್ಲಿ ನೀರು ಇದೆಯೋ ಇಲ್ಲವೋ ಎನ್ನುವಷ್ಟು ತಿಳಿ. ನನ್ನ ಯಜಮಾನರು ಚನ್ನಪಟ್ಟಣದಿಂದ ಅರಗಿನ ಬಣ್ಣದ ಒಂದು ಮರದ ಬಾತುಕೋಳಿ ತಂದು ತೇಲಿಬಿಟ್ಟರು. ಮನೆಗೆ ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಅತ್ತೆ ಆ ವಾರ ಎರಡು ಸಲ ತಾವಾಗಿಯೇ ಅನ್ನ ಬಡಿಸಿಕೊಂಡರು.

ಮೀನುಗಳಿಗೆ ಹೆಸರಿಡೋಣ ಎಂದರೆ ಮಾತ್ರ ಒಪ್ಪಲಿಲ್ಲ. “ಸಾಕೋ ಹುಳಕ್ಕೆ ಯಾರಾರ ಹೆಸ್ರಿಕ್ಕುತಾರಾ?”

ವಾರ ಕಳೆಯಿತೋ ಇಲ್ಲವೋ, ಮೀನುಗಳು ಮೇಲೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸತೊಡಗಿದವು. ಕಿವಿರು ಕೆಂಪಾಗಿ ಉರಿ ಬಿದ್ದಂತಿತ್ತು. ಆಮೇಲೆ ಒಂದು ಸತ್ತಿತು. ಮಾರನೆಯ ದಿನ ಇನ್ನೊಂದು. ಮಹಡಿಯ ಆ ಕೊಳಕು ನೀರಿನಲ್ಲಿ ವರ್ಷಗಟ್ಟಲೆ ಗುಂಡುಕಲ್ಲಿನಂತಿದ್ದ ಮೀನುಗಳು ನಮ್ಮ ತಿಳಿನೀರಿನಲ್ಲಿ ಒಂದೊಂದಾಗಿ ಮಗುಚಿಕೊಂಡವು. ಅತ್ತೆ ಅವನ್ನು ಕರಿಬೇವಿನ ಗಿಡದ ಬುಡದಲ್ಲಿ ಹೂತರು. ಪ್ರತಿ ಸಾವಿಗೂ ತೊಟ್ಟಿಯನ್ನು ಮತ್ತೆ ತೊಳೆದರು. ಹುಳದ ಮನೆಯ ಕಾನೂನೇ ಅದು: ಸಾವು ಬಂದರೆ ತೊಳಿ.

ನಾನು ಖಾಸಗಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಊರಿನವರ ರಕ್ತ, ಮೂತ್ರವನ್ನೆಲ್ಲ ಪರೀಕ್ಷಿಸುವವಳಿಗೆ ಒಂದು ತೊಟ್ಟಿ ನೀರು ಯಾವ ಲೆಕ್ಕ ಎಂದುಕೊಂಡು ಮೀನಿನ ಅಂಗಡಿಯಿಂದ ಅಮೋನಿಯ ನೋಡುವ ಕಿಟ್ ತಂದೆ. ಪುಟ್ಟ ಗಾಜಿನ ನಳಿಗೆಯಲ್ಲಿ ತೊಟ್ಟಿಯ ನೀರು ತೆಗೆದುಕೊಂಡು ಔಷಧಿಯ ಹನಿ ಹಾಕಬೇಕು. ಹಳದಿಯಾಗಿಯೇ ಉಳಿದರೆ ಕ್ಷೇಮ, ಹಸಿರಾದಷ್ಟೂ ವಿಷ. ನಮ್ಮದು ಹಿಪ್ಪುನೇರಳೆ ಸೊಪ್ಪಿನ ಹಾಗೆ ದಟ್ಟ ಹಸಿರಾಯಿತು.

ವಾಸನೆ ನನಗೆ ಮೊದಲೇ ಹತ್ತಬೇಕಿತ್ತು ಎನ್ನುವವರು ನಮ್ಮ ಬೀದಿಗೆ ಒಮ್ಮೆ ಬರಬೇಕು. ಆಚೆಯ ಸಾಲಿನಲ್ಲೆಲ್ಲ ರೇಷ್ಮೆ ನೂಲು ಬಿಚ್ಚುವ ಮನೆಗಳು. ಬೆಂದ ಹುಳದ ನಾತದಲ್ಲಿ ಪಳಗಿದ ಮೂಗಿಗೆ ಅಮೋನಿಯ ಯಾವ ಮೂಲೆಗೆ?

ಅರ್ಧ ನೀರು ಚೆಲ್ಲಿ ಹೊಸ ನೀರು ಹಾಕಿದೆ. ಹಸಿರು ಕೊಂಚ ತೆಳುವಾಯಿತು. ಎರಡು ದಿನ ಬಿಟ್ಟು ನೋಡಿದರೆ ಮತ್ತೆ ಅದೇ. ಕೊಳವೆಬಾವಿಯ ನೀರನ್ನು ಅನುಮಾನಿಸಿದೆ, ಬೇರೆ ಕಡೆಯಿಂದ ನೀರು ತರಿಸಿದೆ. ಮೀನಿನ ಕಾಳನ್ನು ಅನುಮಾನಿಸಿದೆ, ಕಾಳು ಬದಲಾಯಿಸಿದೆ. ಬಾತುಕೋಳಿಯ ಅರಗನ್ನು ಅನುಮಾನಿಸಿ ಅದನ್ನು ತೆಗೆದು ಗೋಡೆಯ ಗೂಡಿನಲ್ಲಿಟ್ಟೆ. “ಸಾಯೋ ಮೀನಿಗೆ ನನ್ ಬಾತುಕೋಳಿ ಗುರಿ” ಎಂದು ಯಜಮಾನರು ಗೊಣಗಿದರು. ಸತ್ತ ಮೀನುಗಳ ಜಾಗಕ್ಕೆ ಹೊಸವು ಬಂದವು. ಅವೂ ಕರಿಬೇವಿನ ಬುಡ ಸೇರಿದವು. ಅಮೋನಿಯ ಮಾತ್ರ ನಮ್ಮ ಮನೆಯನ್ನೇ ತವರು ಮಾಡಿಕೊಂಡು ಕೂತಿತು.

ಪ್ರತಿ ಸಾವಿನ ಜೊತೆಗೆ ಅತ್ತೆಯೂ ಒಂದೊಂದು ಕೆಲಸ ಬಿಟ್ಟರು. ಮೊದಲು ತುಳಸಿಗೆ ನೀರು ಹಾಕುವುದನ್ನು. ಆಮೇಲೆ ಹಾಲಿಗೆ ಹೆಪ್ಪು ಹಾಕುವುದನ್ನು. ಪಕ್ಕದ ಮನೆಯ ಸೊಸೆ ಹಸುಗೂಸನ್ನು ಎತ್ತಿಕೊಳ್ಳಿ ಎಂದು ನೀಡಿದಾಗ ಕೈ ಹಿಂದಕ್ಕೆ ಎಳೆದುಕೊಂಡರು. “ನನ್ ಕೈ ತಣ್ಣಗವೆ ಕಣವ್ವ, ಮಗ ಬೆಚ್ಕತದೆ” ಎಂದು ನೆಪ ಹೇಳಿದರು. ನನಗೆ ಅರ್ಥವಾಯಿತು, ಹೆದರಿಕೆಯೂ ಆಯಿತು. ತೊಟ್ಟಿಯನ್ನು ಎತ್ತಿ ತಿಪ್ಪೆಗೆ ಹಾಕೋಣ ಎಂದು ಯಜಮಾನರು ಹೇಳಿದಾಗ ನಾನು ಜಗಳಕ್ಕೇ ನಿಂತೆ. ಅದನ್ನು ಹಾಗೆಯೇ ಎಸೆದರೆ ಅತ್ತೆಯ ಮೇಲಿನ ಮಾತು ಖಾಯಂ ಆಗಿಬಿಡುತ್ತಿತ್ತು. ಒಂದೇ ಒಂದು ಮೀನಾದರೂ ಆ ಕೈಯಲ್ಲಿ ಬದುಕಬೇಕಿತ್ತು.

ಕೊನೆಗೆ ಫೋನಿನಲ್ಲಿ ಹುಡುಕಾಡಿ ಓದಿದೆ. ಮೀನಿನ ಹೇಲಿನಿಂದ ಬರುವ ಅಮೋನಿಯವನ್ನು ತಿಂದು ಕರಗಿಸುವ ಸೂಕ್ಷ್ಮಾಣುಗಳಿರುತ್ತವಂತೆ, ಅವು ಬದುಕುವುದೇ ಆ ಗಲೀಜು ಸ್ಪಂಜಿನಲ್ಲಿ, ಆ ಲೋಳೆ ಕಲ್ಲುಗಳ ಮೇಲೆ. ಬ್ಲೀಚಿಂಗ್ ಪೌಡರ್ ಬಿದ್ದರೆ ಅವೆಲ್ಲ ನಾಶ. ನಾವು ತೊಳೆದದ್ದು ಕೊಳೆಯನ್ನಲ್ಲ, ಕಾವಲಿನವರನ್ನು.

ಅತ್ತೆಗೆ ಇಷ್ಟನ್ನೇ ಹೇಳಿದೆ: ಇನ್ನು ಮೇಲೆ ಯಾವುದನ್ನೂ ತೊಳೆಯಬೇಡಿ, ಕಾಳು ಚಿಟಿಕೆಯಷ್ಟು ಹಾಕಿ, ನೀರು ನಾನು ಬದಲಾಯಿಸುತ್ತೇನೆ. “ಕೊಳೆ ಬುಟ್ಟು ಸಾಕದಾ?” ಎಂದು ನನ್ನನ್ನು ಅನುಮಾನದಿಂದ ನೋಡಿದರು. ಆದರೂ ಕೇಳಿದರು. ತೊಳೆಯುವುದು ನಿಂತಿತು. ಹಸಿರು ಬಣ್ಣ ನಿಧಾನವಾಗಿ ತಿಳಿಯಾಗತೊಡಗಿತು. ಉಳಿದಿದ್ದ ಮೂರು ಮೀನುಗಳ ಪೈಕಿ ಒಂದು, ಬಾಲದ ತುದಿ ಕಪ್ಪಗಿದ್ದದ್ದು, ಅತ್ತೆ ಬಂದ ಕೂಡಲೇ ಗಾಜಿನ ಹತ್ತಿರ ಓಡಿಬರುತ್ತಿತ್ತು. ನಾನು ಗೆದ್ದೆ ಎಂದೇ ತಿಳಿದಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಕಪ್ಪುಬಾಲವನ್ನು ಬಿಟ್ಟು ಉಳಿದೆರಡು ಸತ್ತು ತೇಲುತ್ತಿದ್ದವು. ಹಿಂದಿನ ಸಂಜೆ ನಳಿಗೆಯಲ್ಲಿ ಬರೀ ತೆಳುಹಸಿರು ಇತ್ತು. ಅಷ್ಟಕ್ಕೆ ಸಾಯುವಂತಿರಲಿಲ್ಲ. ನೀರು ಮಾತ್ರ ಗಂಜಿಯ ತಿಳಿಯಂತೆ ಮಬ್ಬಾಗಿತ್ತು. ತೊಟ್ಟಿಯ ಅಂಚಿನಲ್ಲಿ ಬಿಳಿ ಪುಡಿ ಅಂಟಿತ್ತು.

“ಅತ್ತೆ, ಇದಕ್ಕೆ ಏನಾದರೂ ಹಾಕಿದಿರಾ?”

“ಒಸಿ ಸುಣ್ಣ ಉದ್ರಿಸ್ದೆ.”

“ಸುಣ್ಣವಾ? ಯಾಕೆ?”

“ಜ್ವರಕ್ಕೆ ಕುಂತಿದ್ವಲ್ಲವ್ವ.”

ಹುಳ ಸಾಕುವ ಮನೆಯ ಮಾತು ಅದು. ರೇಷ್ಮೆ ಹುಳ ಬೆಳೆಯುತ್ತ ನಾಲ್ಕು ಸಲ ಚರ್ಮ ಬಿಡುತ್ತದೆ. ಪ್ರತಿ ಸಲವೂ ಮೊದಲು ಸೊಪ್ಪು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ರೋಗವಲ್ಲ, ಬೆಳೆಯುವ ದಾರಿ. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬಾರದು, ಅಲುಗಿಸಬಾರದು, ಹಾಸಿಗೆ ಒಣಗಲೆಂದು ಮೇಲೆ ಸುಣ್ಣದ ಪುಡಿ ತೆಳ್ಳಗೆ ಉದುರಿಸಬೇಕು. ಜ್ವರ ಬಿಟ್ಟೆದ್ದ ಹುಳ ಮೊದಲಿಗಿಂತ ದಪ್ಪವಾಗಿ, ಹಸಿದು ಏಳುತ್ತದೆ. ಅಮೋನಿಯದಲ್ಲಿ ಬೆಂದು ತಲೆ ಮೇಲೆ ಮಾಡಿ ಅಲ್ಲಾಡದೆ ನಿಂತ ಮೀನುಗಳನ್ನು ಅತ್ತೆ ಇಷ್ಟು ದಿನವೂ ಹಾಗೆಯೇ ನೋಡಿದ್ದರು. ಸಾಯುತ್ತಿದ್ದವನ್ನು ಬೆಳೆಯುತ್ತಿವೆ ಎಂದುಕೊಂಡಿದ್ದರು. ಪ್ರತಿ ಸಲವೂ ಸುಣ್ಣ ಉದುರಿಸಿ, ಇನ್ನೇನು ಎದ್ದುಬಿಡುತ್ತವೆ ಎಂದು ಕಾದಿದ್ದರು. ಸತ್ತ ಕೂಡಲೇ ತೊಟ್ಟಿ ತೊಳೆದುಬಿಡುತ್ತಿದ್ದರಿಂದ ಆ ಸುಣ್ಣ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಸುಣ್ಣ ಬಿದ್ದ ನೀರು ಕ್ಷಾರವಾಗುತ್ತದೆ. ಕ್ಷಾರದಲ್ಲಿ ಅದೇ ಸ್ವಲ್ಪ ಅಮೋನಿಯ ಹತ್ತಾರು ಪಟ್ಟು ವಿಷವಾಗುತ್ತದೆ. ಇಷ್ಟನ್ನು ನಾನು ಕಾಲೇಜಿನಲ್ಲಿ ಓದಿದ್ದೆ.

ನನಗೆ ಸಿಟ್ಟು ಬರಲಿಲ್ಲ. ನಿಜ ಹೇಳಬೇಕೆಂದರೆ, ಖುಷಿಯಾಯಿತು. ಸತ್ತ ಮೀನುಗಳು ಇನ್ನೂ ತೇಲುತ್ತಿರುವಾಗಲೇ ಖುಷಿಯಾಯಿತು. ಕಳ್ಳ ಸಿಕ್ಕಿಬಿದ್ದಿದ್ದ. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಲೋಟದ ನೀರಿಗೆ ಸುಣ್ಣ ಹಾಕಿ, ಇನ್ನೊಂದಕ್ಕೆ ಹಾಕದೆ, ಲ್ಯಾಬಿನಿಂದ ತಂದಿದ್ದ, ಕ್ಷಾರಕ್ಕೆ ಬಣ್ಣ ತಿರುಗುವ ಕಾಗದದ ಪಟ್ಟಿ ಅದ್ದಿ ಬಣ್ಣ ತೋರಿಸಿದೆ. ಬ್ಲೀಚಿಂಗ್ ಪೌಡರಿನ ಕಥೆಯನ್ನೂ ಬಿಡಿಸಿ ಹೇಳಿದೆ. ನನ್ನ ದನಿಯಲ್ಲಿ ಹಬ್ಬವಿತ್ತು.

“ನೋಡಿದ್ರಾ ಅತ್ತೆ? ಕೈಗುಣವೂ ಇಲ್ಲ, ಮಣ್ಣೂ ಇಲ್ಲ. ಎಲ್ಲ ಈ ಸುಣ್ಣ, ಆ ಪೌಡರ್. ನಿಮ್ಮ ಕೈಗೆ ಏನೂ ಆಗಿಲ್ಲ.”

ಅತ್ತೆ ಎರಡೂ ಲೋಟಗಳನ್ನು ನೋಡಿದರು. ಅವರು ಓದಿಲ್ಲ, ಆದರೆ ದಡ್ಡರಲ್ಲ. ಹುಳದ ಮೈ ಬಣ್ಣ ನೋಡಿ ಎರಡು ದಿನ ಮುಂಚೆಯೇ ರೋಗ ಹೇಳುತ್ತಿದ್ದವರಿಗೆ ಕಾಗದದ ಬಣ್ಣ ತಿಳಿಯಲು ಎಷ್ಟು ಹೊತ್ತು?

“ಹಂಗಾರೆ ಹುಳ ಬದುಕ್ತಿದ್ದದ್ದು?” ಎಂದರು.

“ಅದೂ ಇದರಿಂದಲೇ ಅತ್ತೆ. ಸುಣ್ಣ, ಬ್ಲೀಚಿಂಗ್. ನೀವು ಶುಚಿಯಾಗಿ ನೋಡಿಕೊಳ್ಳುತ್ತಿದ್ದಿರಿ, ರೋಗ ಬರುತ್ತಿರಲಿಲ್ಲ.”

“ನನ್ ಕೈಯಿಂದ ಅಲ್ಲ.”

ನನಗೆ ಆಗ ಗೊತ್ತಾಯಿತು, ಮಾತು ಎಲ್ಲಿಗೆ ಬಂದು ನಿಂತಿದೆ ಎಂದು. ಆದರೆ ಲೋಟಗಳು ಮುಂದೆಯೇ ಇದ್ದವು. ಏನೆಂದು ತಿದ್ದುವುದು?

“ಕೈ ಕೆಟ್ಟೋಯ್ತು ಅಂತಿದ್ರು ಊರೋರು” ಎಂದರು ಅತ್ತೆ. “ನೀನು ಕೈಯೇ ಇರ್ಲಿಲ್ಲ ಅಂತೀಯ.”

ನಗುತ್ತಲೇ ಹೇಳಿದರು. ಎದ್ದು ಹೋಗಿ ಸತ್ತ ಎರಡನ್ನೂ ಹೂತು ಬಂದು, ಸೋಪು ಹಾಕಿ ಕೈ ತೊಳೆದುಕೊಂಡು, ಟಿವಿ ಹಾಕಿದರು. ನಾನು ಲೋಟಗಳನ್ನು ಚೆಲ್ಲಿದೆ. ಅವರಿಗೆ ಸುಳ್ಳು ಹೇಳಿರಲಿಲ್ಲ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಆದರೆ ಸಂಕಟ ಸಂಕಟವೇ.

ಆ ಭಾನುವಾರದಿಂದ ಅತ್ತೆ ತೊಟ್ಟಿಯ ಹತ್ತಿರ ಹೋಗಲಿಲ್ಲ. ನಾನೇ ನೋಡಿಕೊಂಡೆ. ಸುಣ್ಣದ ನೀರನ್ನು ದಿನಕ್ಕಿಷ್ಟರಂತೆ ಬದಲಾಯಿಸಿದೆ. ಮೀನಿನ ಅಂಗಡಿಯವನನ್ನು ಕಾಡಿ ಬೇಡಿ ಅವನ ತೊಟ್ಟಿಯ ಕೊಳಕು ಸ್ಪಂಜಿನ ಒಂದು ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದು, ದೇವರ ಪ್ರಸಾದದ ಹಾಗೆ ಜೋಪಾನವಾಗಿ ಯಂತ್ರದೊಳಗೆ ಇಟ್ಟೆ. ಕಲ್ಲುಗಳ ಮೇಲೆ ಮತ್ತೆ ಲೋಳೆ ಕಟ್ಟಿತು. ಗಾಜು ಮಸುಕಾಯಿತು. ಮನೆಗೆ ಬಂದವರು ಈಗ ಹೊಗಳುವುದಿಲ್ಲ. ಮೀನು ಮಾತ್ರ ಚುರುಕಾಯಿತು. ಕಾಳು ಹಾಕುವವಳು ನಾನಾದರೂ ಅತ್ತೆ ಹಜಾರ ದಾಟಿದಾಗೆಲ್ಲ ಅದು ಗಾಜಿನುದ್ದಕ್ಕೂ ಅವರ ಜೊತೆ ಈಜಿಕೊಂಡು ಹೋಗುತ್ತದೆ. ನೋಡಿ ಅತ್ತೆ, ನಿಮ್ಮನ್ನೇ ಹುಡುಕುತ್ತದೆ ಎಂದು ಒಂದು ದಿನ ಹೇಳಿದೆ. “ಹಸಿದೈತೆ, ಕಾಳಾಕು” ಎಂದು ಒಳಗೆ ಹೋದರು.

ಮೊನ್ನೆ ಬೆಳಿಗ್ಗೆ ನಳಿಗೆಯಲ್ಲಿ ನೀರು ತೆಗೆದು ಹನಿ ಹಾಕಿ ಕಾಯುತ್ತಿದ್ದೆ. ಅತ್ತೆಯ ಫೋನು ಹೊಡೆದುಕೊಂಡಿತು. ಅವರಿಗೆ ಕಿವಿ ಮಂದ, ಆದ್ದರಿಂದ ಯಾವಾಗಲೂ ಸ್ಪೀಕರು. ಕೂಟಗಲ್ಲಿನ ಹುಡುಗಿಯ ದನಿ ಮನೆ ತುಂಬ ಕೇಳಿಸಿತು.

“ದೊಡ್ಡವ್ವ, ಎಲ್ಡು ಬೆಳೆ ಓಯ್ತು ಕಣವ್ವ. ಹಾಲುತೊಂಡೆ ರೋಗ ಬಂದು ಹುಳವೆಲ್ಲ ಕೀವಿನಂಗಾಗ್ಬುಟ್ವು, ಗುಂಡಿ ತೋಡಿ ಮುಚ್ಚುದ್ವಿ. ಆವತ್ತು ನಿನ್ ಕೈಯಿಂದ ತಟ್ಟೆ ಈಸ್ಕೊಂಡಿದ್ದೇ ನಂಗೆ ತಟ್ತು. ನಾಳೀಕೆ ಚಾಕಿ ಕಟ್ಬೇಕು. ಯಾರ್ ಏನಾರ ಅನ್ಲಿ, ನೀನೇ ಬಂದು ಮೊದ್ಲು ಸೊಪ್ಪಾಕ್ಬೇಕು. ಕಾರು ಕಳುಸ್ತೀನಿ ದೊಡ್ಡವ್ವ, ಇಲ್ಲ ಅನ್ಬ್ಯಾಡ.”

ಮಾವ ಹೋದ ದಿನದಿಂದ ಅತ್ತೆ ಕಾಯುತ್ತಿದ್ದ ಕರೆ. ಹೋಗಿ ಅತ್ತೆ ಎಂದು ಸನ್ನೆ ಮಾಡಿದೆ, ಸೀರೆ ನಾನು ತೆಗೆದಿಡುತ್ತೇನೆ ಎಂದು ಸನ್ನೆ ಮಾಡಿದೆ. ಅವರು ನನ್ನನ್ನು ನೋಡಿದರು, ನನ್ನ ಕೈಯಲ್ಲಿದ್ದ ನಳಿಗೆಯನ್ನೂ ನೋಡಿದರು.

“ಬ್ಲೀಚಿಂಗ್ ಪೌಡ್ರಾಕಿ ಮನೆ ಚೆಂದಾಗಿ ತೊಳೀರಿ ಮಗ” ಎಂದರು ಫೋನಿಗೆ. “ಜ್ವರಕ್ಕೆ ಕುಂತಾಗ ಸುಣ್ಣ ಉದ್ರುಸ್ರಿ. ಅಷ್ಟೇಯ. ಕೈಯಲ್ಲೇನೂ ಇಲ್ಲ ಕಣವ್ವ. ನನ್ ಸೊಸೆ ಪರೀಕ್ಷೆ ಮಾಡಿ ನೋಡವ್ಳೆ.”

ಹುಡುಗಿ ಆ ಕಡೆಯಿಂದ ದೊಡ್ಡವ್ವ, ದೊಡ್ಡವ್ವ ಎನ್ನುತ್ತಲೇ ಇದ್ದಳು. ಅತ್ತೆ ಫೋನನ್ನು ಇಟ್ಟು, ಅವರೆಕಾಯಿಯ ಬುಟ್ಟಿ ಎಳೆದುಕೊಂಡು ಬಿಡಿಸತೊಡಗಿದರು. ನಳಿಗೆಯಲ್ಲಿ ನೀರು ಅಚ್ಚ ಹಳದಿಯಾಗಿತ್ತು. ಅಷ್ಟು ತಿಂಗಳಲ್ಲಿ ಮೊದಲ ಸಲ. ಅದನ್ನು ಅವರಿಗೆ ತೋರಿಸಲು ನನಗೆ ಧೈರ್ಯ ಬರಲಿಲ್ಲ.